ಯಜಮಾನರು ತೊಳೆಯಲು ಬಿಡದ ಮಣ್ಣು

"ಚೊಂಬು ಮಡಗ್ಲಾ ಕೆಳಕ್ಕೆ" ಅಂದರು ಯಜಮಾನರು.

ನಾನು ಇಡಲಿಲ್ಲ. ಬಿಸಿನೀರು ತುಂಬಿದ ಚೊಂಬನ್ನು ಅವರ ತಲೆ ಮೇಲೆ ಎತ್ತಿ ಹಿಡಿದಿದ್ದೆ. ಅವರು ಮಂಡಿ ನೋವಿನ ಚಿಕಿತ್ಸೆಗೆ ಪಕ್ಕದ ಹಳ್ಳಿಯಿಂದ ಬಂದಿದ್ದ ವಯಸ್ಸಾದ ರೈತರು, ಬರೀ ಲಂಗೋಟಿಯಲ್ಲಿ ಹಿತ್ತಲಿನ ಕಲ್ಲು ಚಪ್ಪಡಿ ಮೇಲೆ ಕೂತಿದ್ದರು. ನೆತ್ತಿಯಿಂದ ಪಾದದವರೆಗೆ ಮಣ್ಣು. ನಾನೇ ಬಳಿದಿದ್ದೆ. ಬಿಸಿಲಿಗೆ ಒಣಗಿ ಬಿಳಿಚಿಕೊಂಡಿತ್ತು. ಕಣ್ಣೆರಡು ಮಾತ್ರ ಕಾಣುತ್ತಿದ್ದವು.

"ತೊಳೀಬೇಕು ಯಜಮಾನ್ರೇ. ಟೈಮಾಯ್ತು."

"ತೊಳೆದ್ರೆ ಆ ನೀರು ಎಲ್ಲಿಗೋಯ್ತದೆ?"

"ಮೋರಿಗೆ."

"ಅದಕ್ಕೇ ಬ್ಯಾಡ ಅಂತಿರೋದು. ಇದು ನಮ್ಮೊಲದ ಮಣ್ಣು ಕಣ್ಲಾ."

ನಾನು ಗೇಟಿನ ಕಡೆ ಒಮ್ಮೆ ನೋಡಿದೆ. ಅವರು ಹೇಳಿದ್ದು ನಿಜವಿರಬಹುದಿತ್ತು.

ನಾನು ಆಗ ಹಾರೋಹಳ್ಳಿ ಪಕ್ಕದ ಒಂದು ಸಣ್ಣ ಪ್ರಕೃತಿ ಚಿಕಿತ್ಸೆ ಆಸ್ಪತ್ರೆಯಲ್ಲಿ ಕೆಲಸಕ್ಕಿದ್ದೆ. ಆಸ್ಪತ್ರೆ ಅಂದರೆ ಆರು ರೂಮು, ಹಿಂದೆ ಹಿತ್ತಲು, ಹಿತ್ತಲಲ್ಲಿ ಒಂದು ಹೊಂಗೆ ಮರ. ಮಾತ್ರೆ ಇಲ್ಲ, ಸೂಜಿ ಇಲ್ಲ. ಮಣ್ಣು, ನೀರು, ಎಣ್ಣೆ, ಉಪವಾಸ. ಕೆಲಸದವರು ನಾಲ್ಕೇ ಜನ. ಡಾಕ್ಟರ್ ಮೇಡಂ ದಿನಾ ಕನಕಪುರದಿಂದ ಬಸ್ಸಿನಲ್ಲಿ ಬರುತ್ತಿದ್ದರು. ಎಣ್ಣೆ ತಿಕ್ಕುವವರು ಚನ್ನಪಟ್ಟಣದ ಭಾಯ್. ಮೊದಲು ಬೊಂಬೆ ಮಾಡುತ್ತಿದ್ದರು, ಅದರಲ್ಲಿ ಹೊಟ್ಟೆ ತುಂಬದೆ ಇಲ್ಲಿಗೆ ಬಂದಿದ್ದರು. ಮನುಷ್ಯರ ಕಾಲನ್ನೂ ಮರದ ತುಂಡು ನೋಡಿದ ಹಾಗೇ ತಿರುಗಿಸಿ ನೋಡುತ್ತಿದ್ದರು. ಅಡುಗೆಗೆ ಮರಳವಾಡಿಯ ಅಕ್ಕ. ರೋಗಿಗಳಿಗೆ ಉಪ್ಪು ಖಾರ ಇಲ್ಲದ್ದು ಬೇಯಿಸಿ ಇಟ್ಟು, ನಮಗೆ ಹಿಂದಿನ ಒಲೆಯಲ್ಲಿ ಬಸ್ಸಾರು ಮಾಡುತ್ತಿದ್ದಳು. ಅದು ಮೇಡಂಗೆ ಗೊತ್ತಿರಲಿಲ್ಲ. ನಾಲ್ಕನೆಯವನು ನಾನು. ಮಣ್ಣು ತರುವುದು, ಜರಡಿ ಹಿಡಿಯುವುದು, ನೆನೆಹಾಕುವುದು, ಬಳಿಯುವುದು, ತೊಳೆಯುವುದು. ಲಗೇಜ್ ಆಟೋ ಓಡಿಸುವುದೂ ನಾನೇ.

ಮಣ್ಣಿನ ವಿಷಯದಲ್ಲಿ ಮೇಡಂ ಬಹಳ ಕಟ್ಟುನಿಟ್ಟು. ನಾಲ್ಕಡಿ ಆಳದ್ದೇ ಆಗಬೇಕು, ಗೊಬ್ಬರ ಔಷಧಿ ಸೋಕಿರಬಾರದು. ಬಾಗಿಲ ಪಕ್ಕ ಬೋರ್ಡನ್ನೂ ಬರೆಸಿ ಹಾಕಿದ್ದರು, ಶುದ್ಧ ಮಣ್ಣು ಅಂತ. ಮೊದಲು ನಾನೂ ಮರಳವಾಡಿ ಕಡೆಯ ಒಂದು ಬೀಳಿನಲ್ಲಿ ಆಳಕ್ಕೆ ಅಗೆದೇ ತರುತ್ತಿದ್ದೆ. ಸೊಂಟ ಬಿದ್ದುಹೋಗುತ್ತಿತ್ತು. ಆಮೇಲೆ ನಮ್ಮ ಆಸ್ಪತ್ರೆಯಿಂದ ಒಂದು ಮೈಲಿ ದೂರದಲ್ಲಿ ಹೊಸ ಫ್ಯಾಕ್ಟರಿಗೆ ಜೆಸಿಬಿ ಬಂತು. ಹೊಲದ ಮೇಲ್ಮಣ್ಣನ್ನೆಲ್ಲ ಕೆರೆದು ರಸ್ತೆ ಪಕ್ಕಕ್ಕೆ ಗುಡ್ಡೆ ಹಾಕಿತು. ಜೆಸಿಬಿ ಅಗೆದಿರುವಾಗ ನಾನ್ಯಾಕೆ ಅಗೆಯಲಿ? ಸಂಕ್ರಾಂತಿಯಿಂದ ಆ ಗುಡ್ಡೆಯದನ್ನೇ ತುಂಬಿಕೊಂಡು ಬರುತ್ತಿದ್ದೆ. ಬಂದ ರೋಗಿಗಳು ಬಳಿಸಿಕೊಂಡು, ಹಾಯಾಗಿದೆ ಎಂದು ಹೇಳಿ ಹೋಗುತ್ತಿದ್ದರು.

ಇದು ಮೇಡಂಗೆ ಗೊತ್ತಾದರೆ ನನ್ನ ಕೆಲಸ ಹೋಗುತ್ತಿತ್ತು. ಬೇರೆ ಕಡೆ ಕೆಲಸ ಸಿಗುತ್ತಿರಲಿಲ್ಲ. ಬಿಡದಿಗೂ ಹೋಗಿ ಕೇಳಿದ್ದೆ, ಹಾರೋಹಳ್ಳಿಯ ಫ್ಯಾಕ್ಟರಿಗಳಲ್ಲೂ ಕೇಳಿದ್ದೆ. ಎಲ್ಲರೂ ಐಟಿಐ ಸರ್ಟಿಫಿಕೇಟ್ ಕೇಳುತ್ತಾರೆ. ನನ್ನ ಹತ್ತಿರ ಇದ್ದದ್ದು ಏಳನೇ ಕ್ಲಾಸಿನ ಟಿಸಿ.

ಮೇಡಂ ಹತ್ತೂವರೆ ಬಸ್ಸಿಗೆ ಬರುತ್ತಾರೆ. ಅಷ್ಟರೊಳಗೆ ಯಜಮಾನರ ಮೈ ತೊಳೆದು, ಪಂಚೆ ಉಡಿಸಿ, ಗೇಟು ದಾಟಿಸಬೇಕಿತ್ತು.

"ಮಣ್ಣು ಎಲ್ಲಾ ಒಂದೇ ತರ ಇರ್ತದೆ ಯಜಮಾನ್ರೇ. ನಿಮ್ಮೊಲದ್ದು ಅಂತ ಹೆಂಗೆ ಹೇಳೀರಿ?"

ಅವರು ಮೊಣಕೈಯಿಂದ ಒಂದು ಚಕ್ಕೆ ಕಿತ್ತು ನಾಲಿಗೆ ಮೇಲೆ ಇಟ್ಟುಕೊಂಡರು. ಚಪ್ಪರಿಸಿದರು.

"ನಮ್ದೇ. ಒಸಿ ಒಗರು ಐತೆ. ನಲವತ್ತು ವರ್ಸ ಉತ್ತಿವ್ನಿ, ನಂಗೇ ಕೇಳ್ತೀಯಾ? ಟೊಮೆಟೋ ಹಾಕಿದ್ನಲ್ಲ, ಆ ಹೊಲದ್ದು. ಎಂಥಾ ಗೊಬ್ಬರ ಹಾಕಿದ್ದೆ ಅಂತೀಯ. ಯೂರಿಯಾ ಮೂಟೆ ಮೂಟೆ ಸುರಿದಿವ್ನಿ. ವಾರಕ್ಕೆ ಎರಡು ಸಲ ಔಷಧಿ ಹೊಡೆದಿವ್ನಿ. ಕಾಗೆ ಕೂಡ ಕೂರ್ತಿರಲಿಲ್ಲ."

ಹೊಂಗೆ ಮರದ ಕೆಳಗೆ ಮಂಚದ ಮೇಲೆ ಬೆಂಗಳೂರಿನ ಒಬ್ಬರು ಸಾಹೇಬರು ಮಲಗಿದ್ದರು. ತೂಕ ಇಳಿಸಲು ಬಂದವರು. ಕಣ್ಣಿನ ಮೇಲೆ ಮಣ್ಣಿನ ಪಟ್ಟಿ, ಹೊಟ್ಟೆ ಮೇಲೆ ಮಣ್ಣಿನ ಪಟ್ಟಿ. ಮೂರು ದಿನದಿಂದ ಬರೀ ನಿಂಬೆನೀರು.

"ಏನದು, ಯೂರಿಯಾ ಅಂದ್ರಾ ಯಾರೋ?" ಅಂತ ಕೇಳಿದರು.

"ಇಲ್ಲ ಸಾರ್, ಏರಿಯಾ ಬಗ್ಗೆ ಮಾತಾಡ್ತಾ ಇದ್ದಾರೆ" ಅಂದೆ. ಅಕ್ಕ ಓಡಿಬಂದು ಕೊಳಲಿನ ಕ್ಯಾಸೆಟ್ಟಿನ ಸೌಂಡು ಜಾಸ್ತಿ ಮಾಡಿದಳು. ಯಜಮಾನರಿಗೆ ಕಿವಿ ಮಂದ. ಕೊಳಲು ಜೋರಾದ ಹಾಗೆ ಅವರೂ ಜೋರಾದರು. ಯಾವ ಔಷಧಿ, ಯಾವ ಬಣ್ಣದ ಡಬ್ಬ, ಹೊಡೆದ ಮೇಲೆ ಎಷ್ಟು ದಿನ ದನ ಬಿಡಬಾರದು, ಎಲ್ಲ ಹೇಳಿದರು.

ಭಾಯ್ ಬಂದರು. ಯಜಮಾನರ ಬೆನ್ನನ್ನು ಬೆರಳಿನಿಂದ ತಟ್ಟಿ ನೋಡಿದರು.

"ಚೆನ್ನಾಗಿ ಒಣಗಿದೆ. ಮೇಲೆ ಅರಗು ಬಳಿದ್ರೆ ಅಂಗಡೀಲಿ ಇಡಬೌದು" ಅಂದರು ನನಗೆ. ಆಮೇಲೆ ಯಜಮಾನರಿಗೆ, "ನೋಡಿ ಯಜಮಾನ್ರೇ, ಹಿಂಗೇ ಬಿಟ್ರೆ ಚರ್ಮ ಬಿರುಕು ಬಿಡ್ತದೆ."

"ಬುಡ್ಲಿ. ಹೊಲಾನೂ ಬಿರುಕು ಬುಡ್ತಿತ್ತು."

"ನೆಗಡಿ ಆಗ್ತದೆ."

"ಈ ಬಿಸ್ಲಲ್ಲಾ?"

ಭಾಯ್ ನನ್ನ ಕಡೆ ತಿರುಗಿ, "ಗಂಟು ಇರೋ ಮರ ಇದು. ಉಳಿ ಮುರೀತದೆ" ಎಂದು ಹೇಳಿ ಎಣ್ಣೆ ಬಟ್ಟಲು ತೊಳೆಯಲು ಹೋದರು.

ಅಕ್ಕ ತನ್ನ ದಾರಿ ಹಿಡಿದಳು. "ಯಜಮಾನ್ರೇ, ಬಿಸಿ ಮುದ್ದೆ ಐತೆ, ಬಸ್ಸಾರು ಐತೆ. ಮೈ ತೊಳ್ಕೊಂಡು ಉಣ್ಣಿ."

"ಇಲ್ಗೇ ತಾರವ್ವ."

"ಮಣ್ಣು ಕೈಲಿ ಉಂಡೀರಾ?"

ಅವರು ಬಲಗೈ ತಿರುಗಿಸಿ ನೋಡಿಕೊಂಡರು. "ಒಂದು ಬೋಗುಣಿ ಮಡಗು. ಕೈ ಮಾತ್ರ ತೊಳ್ಕೊತೀನಿ. ನೀರು ಚೆಲ್ಲಂಗಿಲ್ಲ, ನನಗೇ ಬೇಕು."

ಬಲಗೈ ಮಣಿಕಟ್ಟಿನವರೆಗೆ ತೊಳೆದುಕೊಂಡರು. ಮಣ್ಣುನೀರಿನ ಬೋಗುಣಿಯನ್ನು ಪಕ್ಕಕ್ಕೇ ಎಳೆದು ಇಟ್ಟುಕೊಂಡರು. ಆಮೇಲೆ ಒಂದು ಮುದ್ದೆ ಪೂರ್ತಿ ಉಂಡರು. ಮೈಯೆಲ್ಲ ಗೋಡೆಯ ಬಣ್ಣ, ಒಂದು ಕೈ ಮಾತ್ರ ಮನುಷ್ಯನದು.

ಮಂಚದ ಮೇಲಿನ ಸಾಹೇಬರು ಮೂಗು ಎತ್ತಿದರು. "ಬಸ್ಸಾರಾ ಅದು?"

"ಕಷಾಯ ಸಾರ್" ಅಂದಳು ಅಕ್ಕ.

"ನಂಗೂ ಅದೇ ಕಷಾಯ ಕೊಡಮ್ಮ."

ಇಷ್ಟರಲ್ಲಿ ಮೇಡಂ ಬಂದುಬಿಟ್ಟರು. ಬ್ಯಾಗು ಇನ್ನೂ ಹೆಗಲಲ್ಲೇ ಇತ್ತು. ಕೊಳಲು ನಿಲ್ಲಿಸಿದರು. ಯಜಮಾನರನ್ನು ನೋಡಿದರು, ಬೋಗುಣಿ ನೋಡಿದರು, ಮುದ್ದೆ ತಟ್ಟೆ ನೋಡಿದರು. ಮಂಗಳವಾರ ಸುತ್ತಲ ಹಳ್ಳಿಯವರಿಗೆ ಬಿಟ್ಟಿ ಚಿಕಿತ್ಸೆ ಅಂತ ಇಟ್ಟವರು ಅವರೇ. ಹೋದ ವಾರ ಮಂಡಿ ನೋವು ಅಂತ ಬಂದಿದ್ದ ಯಜಮಾನರಿಗೆ ಮಣ್ಣು ಬಳಿಯಲು ಬರೆದುಕೊಟ್ಟವರೂ ಅವರೇ.

"ಯಾಕೆ ಇವರನ್ನ ಇನ್ನೂ ತೊಳೆದಿಲ್ಲ?"

ನಾನು ಬಾಯಿ ತೆಗೆಯುವ ಮುಂಚೆ ಯಜಮಾನರು ಶುರು ಮಾಡಿದರು. ಹೊಲ ಎಲ್ಲಿತ್ತು, ಯಾವ ಫ್ಯಾಕ್ಟರಿಗೆ ಹೋಯಿತು, ಹೋಗಿ ಎರಡು ವರ್ಷವಾಯಿತು, ಯೂರಿಯಾ ಎಷ್ಟು ಹಾಕಿದ್ದರು. ಮೇಡಂ ಪೂರ್ತಿ ಕೇಳಿದರು. ನನ್ನ ಕಡೆ ತಿರುಗಿದರು.

"ಎಲ್ಲಿಂದ ತಂದೆ ಇದನ್ನ?"

"ಫ್ಯಾಕ್ಟರಿ ಗುಡ್ಡೆಯಿಂದ ಮೇಡಂ."

"ಯಾವಾಗಿಂದ?"

"ಸಂಕ್ರಾಂತಿಯಿಂದ."

ಅವರು ಬೈಯಲಿಲ್ಲ. ಸೀದಾ ಹೋಗಿ ಸಾಹೇಬರ ಕಣ್ಣಿನ ಪಟ್ಟಿ ತಾವೇ ತೆಗೆದು, ತಣ್ಣೀರಿನಲ್ಲಿ ಕಣ್ಣು ತೊಳೆದರು. ಹೊಟ್ಟೆಯ ಪಟ್ಟಿಯನ್ನೂ ತೆಗೆದರು. "ಮಣ್ಣು ಸರಿ ಇಲ್ಲ, ತಪ್ಪು ನಮ್ಮದು" ಎಂದು ಹೇಳಿದರು. ಸಾಹೇಬರು, "ಅದಿರಲಿ, ಆ ಕಷಾಯ" ಅಂದರು. ಮೇಡಂ ಒಳಗೆ ಹೋಗಿ ಬೋರ್ಡು ಬಿಚ್ಚಿ ಗೋಡೆಗೆ ಮುಖ ಮಾಡಿ ಇಟ್ಟರು. ವಾಪಸು ಬಂದು ನನಗೆ ಹೇಳಿದರು.

"ಸಂಜೆ ಒಳಗೆ ಸರಿಯಾದ ಮಣ್ಣು ತಂದರೆ ಇರು. ಇಲ್ಲಾಂದ್ರೆ ನಾಳೆಯಿಂದ ಬರಬೇಡ."

ತರುವುದು ಎಲ್ಲಿಂದ? ಮರಳವಾಡಿ ಕಡೆಯ ಬೀಳಿನಲ್ಲಿ ಅಷ್ಟೊತ್ತಿಗೆ ಸೈಟಿನ ಕಲ್ಲು ನೆಟ್ಟು ಬೇಲಿ ಹಾಕಿಬಿಟ್ಟಿದ್ದರು. ಉಳಿದ ಕಡೆಯೆಲ್ಲ ಟೊಮೆಟೋ, ಬೀನ್ಸು, ಔಷಧಿ. ನಾನು ಚೊಂಬು ಹಿಡಿದುಕೊಂಡೇ ನಿಂತಿದ್ದೆ.

ಯಜಮಾನರು ಕೇಳಿದರು, "ಔಷಧಿ ಸೋಕಿಲ್ದಿರೋ ಮಣ್ಣು ಬೇಕೇನವ್ವ?"

"ಹೌದು."

"ನಮ್ಮೊಲದ ಮೂಡ್ಲ ಮೂಲೇಲಿ ಹಿಪ್ಪುನೇರಳೆ ಇತ್ತು. ಅಲ್ಲಿಗೆ ಔಷಧಿ ಹೊಡೀತಿರಲಿಲ್ಲ. ಆ ಸೊಪ್ಪು ತಿಂದ್ರೆ ರೇಸ್ಮೆ ಹುಳ ಸತ್ತೋಯ್ತವೆ. ಬರೀ ಕೊಟ್ಟಿಗೆ ಗೊಬ್ಬರ. ಆಳಕ್ಕೆ ಹೋದ್ರೆ ಅದೂ ಇಲ್ಲ. ಆದ್ರೆ ನನ್ನ ಒಳಕ್ಕೆ ಬುಡಲ್ಲ. ಎರಡು ಸಲ ಹೋಗಿದ್ದೆ, ಗೇಟ್ನಲ್ಲೇ ಓಡಿಸಿದ್ರು."

ಮೇಡಂ ಆಸ್ಪತ್ರೆಯ ಕಾಗದದ ಮೇಲೆ ಬರೆದುಕೊಟ್ಟರು: ಚಿಕಿತ್ಸೆಗಾಗಿ ನಾಲ್ಕು ಚೀಲ ಮಣ್ಣು ಬೇಕು, ಸ್ಥಳ ತೋರಿಸಲು ಈ ರೋಗಿಯನ್ನು ಕಳಿಸಿದೆ. ಕೆಳಗೆ ಸೀಲು ಒತ್ತಿದರು. "ಮೊದಲು ಸ್ನಾನ ಮಾಡಿ ಹೋಗಿ" ಅಂದರು.

"ಅಲ್ಲೇ ಮಾಡ್ತೀನಿ ಕಣವ್ವ" ಅಂದರು ಯಜಮಾನರು.

ಮೇಡಂ ಸೀಲನ್ನು ಬ್ಯಾಗಿಗೆ ಹಾಕಿಕೊಂಡರು. "ನೀರು ತಗೊಂಡು ಹೋಗು" ಅಂತ ನನಗೆ ಹೇಳಿ ಒಳಗೆ ಹೋದರು.

ಲಗೇಜ್ ಆಟೋಗೆ ಗುದ್ದಲಿ, ಚೀಲ, ಎರಡು ಕ್ಯಾನು ನೀರು ಹಾಕಿದೆ. ಯಜಮಾನರು ಕೂರಲಿಲ್ಲ. ಕೂತರೆ ಮಂಡಿಯ ಮಣ್ಣು ಉದುರುತ್ತದಂತೆ. ಹಿಂದೆ ಕಂಬಿ ಹಿಡಿದು ನಿಂತರು. ಸೊಂಟಕ್ಕೆ ಭಾಯ್ ಒಂದು ಟವೆಲ್ ಕಟ್ಟಿದರು. ಬೋಗುಣಿ ಹಿಡಿದುಕೊಂಡು ಭಾಯ್ ಕೂಡ ಹತ್ತಿದರು, ಯಾಕೆ ಅಂತ ಕೇಳಿದ್ದಕ್ಕೆ, "ಇದು ನೋಡದೆ ಇರಕ್ಕಾಗಲ್ಲ" ಅಂದರು. ರಸ್ತೆಯಲ್ಲಿ ಕಂಪನಿ ಬಸ್ಸಿನವರೆಲ್ಲ ಕಿಟಕಿಯಿಂದ ತಲೆ ಹಾಕಿದರು. ಟೀ ಅಂಗಡಿ ಮುಂದೆ ಒಬ್ಬ ಅಜ್ಜಿ ಕೈಮುಗಿದಳು. ಯಜಮಾನರು ತೊಳೆದ ಕೈ ಎತ್ತಿದರು.

ಫ್ಯಾಕ್ಟರಿ ಗೇಟಿನಲ್ಲಿ ಸೆಕ್ಯುರಿಟಿ ಹುಡುಗ ಯಜಮಾನರ ಊರಿನವನೇ. ಮೊದಲು ಗುರುತು ಸಿಗಲಿಲ್ಲ.

"ಏನ್ಲಾ, ಯೂನಿಫಾರಂ ಹಾಕಿದ ತಕ್ಷಣ ಕಣ್ಣು ಕಾಣಕಿಲ್ವಾ?"

"ದೊಡ್ಡಪ್ಪ? ಇದೇನ್ ದೊಡ್ಡಪ್ಪ ನಿನ್ನ ಗತಿ?"

"ಟ್ರೀಟ್ಮೆಂಟು. ಗೇಟ್ ತೆಗಿ."

ಹುಡುಗ ಮೇಡಂ ಕಾಗದವನ್ನು ಎರಡು ಸಲ ಓದಿದ. ಸೀಲು ನೋಡಿದ ಮೇಲೆ ಮೆತ್ತಗಾದ. ಆದರೆ ರಿಜಿಸ್ಟರ್ ತೆಗೆದ.

"ಕಾಗದದಲ್ಲಿ ಮಣ್ಣು ಆಚೆಗೆ ಹೋಗೋದು ಮಾತ್ರ ಐತೆ. ನಿನ್ನ ಮೈಮೇಲೆ ಇರೋದು ಒಳಕ್ಕೆ ಹೋಯ್ತಾ ಐತೆ ದೊಡ್ಡಪ್ಪ. ಒಳಕ್ಕೆ ಹೋಗೋ ಮಾಲಿಗೆ ಬೇರೆ ಕಾಲಂ."

"ಇದು ಇಲ್ಲಿಂದಲೇ ಹೋಗಿದ್ದು ಕಣೋ. ವಾಪಸ್ ಬಂದೈತೆ" ಅಂದೆ ನಾನು.

"ಹಂಗಾದ್ರೆ ಹೋಗುವಾಗ ಎಂಟ್ರಿ ಮಾಡ್ಸಿದ್ಯಾ?"

ಮಾಡಿಸಿರಲಿಲ್ಲ. ಗುಡ್ಡೆ ಗೇಟಿನ ಹೊರಗಿತ್ತು. ಹುಡುಗ ಪೆನ್ನು ಕಚ್ಚಿಕೊಂಡು ನಿಂತ. ಭಾಯ್ ಹೇಳಿದರು, "ರಿಪೇರಿಗೆ ಹೋಗಿದ್ದು ವಾಪಸ್ ಬಂತು ಅಂತ ಬರ್ಕೊ." ಹುಡುಗನಿಗೆ ಅದು ಸರಿ ಅನ್ನಿಸಿತು. ಹಾಗೇ ಬರೆದುಕೊಂಡ. ಹೆಬ್ಬೆಟ್ಟು ಒತ್ತು ಅಂದ. ಯಜಮಾನರು ಒತ್ತಿದರು. ಗೇಟು ತೆಗೆದ.

ಒಳಗೆ ಹೊಲ ಅನ್ನುವುದು ಏನೂ ಇರಲಿಲ್ಲ. ಕಾಂಕ್ರೀಟ್ ಕಂಬ, ಕಬ್ಬಿಣ, ಜಲ್ಲಿ. ಯಜಮಾನರು ಒಂದು ಕಂಬದಿಂದ ಹೆಜ್ಜೆ ಲೆಕ್ಕ ಹಾಕಿಕೊಂಡು ನಡೆದರು. ಮೂಡಲ ಮೂಲೆಯಲ್ಲಿ ಕಾಂಪೌಂಡಿಗೆ ಅಂಟಿಕೊಂಡು ಒಂದು ಮಂಚದಗಲ ಜಾಗ ಉಳಿದಿತ್ತು. ಹಿಪ್ಪುನೇರಳೆಯ ಎರಡು ಬೊಡ್ಡೆ ಇದ್ದವು, ಚಿಗುರಿದ್ದವು.

ನಾನು ಗುದ್ದಲಿ ಹಾಕಿದೆ.

"ಹಂಗಲ್ಲ ಕಣ್ಲಾ. ಕೈ ಸಡಿಲ ಬುಡು. ಯಾರ್ಲಾ ನಿಂಗೆ ಅಗಿಯಕ್ಕೆ ಕಲ್ಸಿದ್ದು?"

"ಯಾರೂ ಇಲ್ಲ."

"ಗೊತ್ತಾಯ್ತದೆ."

ಎದೆಮಟ್ಟ ಇಳಿದೆ. ಅವರು ನಡುನಡುವೆ ಒಂದು ಚಿಟಿಕೆ ಇಸಿದುಕೊಂಡು ನಾಲಿಗೆಗೆ ಇಟ್ಟುಕೊಂಡು, "ಇನ್ನೂ" ಅನ್ನುತ್ತಿದ್ದರು. ಕೊನೆಗೊಮ್ಮೆ, "ಹಾಂ, ಇದು. ಏನೂ ರುಚಿ ಇಲ್ಲ" ಅಂದರು. ನಾಲ್ಕು ಚೀಲ ತುಂಬಿದೆ. ಸೊಂಟ ಹೋಯಿತು.

ಆಮೇಲೆ ಅವರು ಟವೆಲ್ ಬಿಚ್ಚಿ ಭಾಯ್ ಕೈಗೆ ಕೊಟ್ಟರು. ಗುಂಡಿಯ ಅಂಚಿನಲ್ಲಿ, ಬೊಡ್ಡೆಗಳ ನಡುವೆ ಕುಕ್ಕರುಗಾಲಲ್ಲಿ ಕೂತರು. "ಈಗ ಹುಯ್ಯಿ" ಅಂದರು.

ಹುಯ್ದೆ. ಅದು ಹೇಗೂ ನನ್ನ ಕೆಲಸವೇ. ತಲೆಯಿಂದ ಮಣ್ಣು ಇಳಿಯಿತು. ಅವರು ಕಿವಿ ಹಿಂದೆ, ಕಂಕುಳು, ಬೆರಳಿನ ಸಂದಿ ಎಲ್ಲ ಉಜ್ಜಿಕೊಂಡರು. ಕೆಂಪು ನೀರು ಬೊಡ್ಡೆಯ ಬುಡಕ್ಕೆ ಹೋಗಿ ಇಂಗಿತು. ಎರಡನೇ ಕ್ಯಾನು ಮುಗಿದ ಮೇಲೆ ಬೋಗುಣಿಯಲ್ಲಿದ್ದದ್ದನ್ನೂ ತಾವೇ ಸುರಿದರು, ಬೋಗುಣಿಯ ತಳವನ್ನು ಬೆರಳಲ್ಲಿ ಬಳಿದರು. ಸೆಕ್ಯುರಿಟಿ ಹುಡುಗ ರಿಜಿಸ್ಟರ್ ಹಿಡಿದುಕೊಂಡೇ ಬಂದು ನಿಂತಿದ್ದ. ಏನೂ ಬರೆದುಕೊಳ್ಳಲಿಲ್ಲ.

"ಮಂಡಿ ನೋವು ಹೆಂಗೈತೆ?" ಅಂತ ಕೇಳಿದೆ.

"ಐತೆ" ಅಂದರು.

ಮೇಡಂ ಸಂಜೆ ಚೀಲ ಬಿಚ್ಚಿ, ಮಣ್ಣನ್ನು ಮೂಸಿ ನೋಡಿ, "ಇರು" ಅಂದರು. ಬೋರ್ಡನ್ನು ನಾನೇ ವಾಪಸು ತಗುಲಿಹಾಕಿದೆ. ಕಣ್ಣು, ಹೊಟ್ಟೆಯ ಪಟ್ಟಿಗೆ ಮಾತ್ರ ಬಳಸಿದ್ದಕ್ಕೆ ಆ ನಾಲ್ಕು ಚೀಲ ದೀಪಾವಳಿವರೆಗೆ ಬಂತು. ಅಷ್ಟೊತ್ತಿಗೆ ಆ ಮೂಲೆಯಲ್ಲಿ ಜನರೇಟರ್ ರೂಮು ಕಟ್ಟಿದ್ದರು. ಇದಕ್ಕಿಂತ ಹೆಚ್ಚು ಹೇಳಲು ನನ್ನ ಹತ್ತಿರ ಏನೂ ಇಲ್ಲ.