ಕಾಫಿ ಕಣದಲ್ಲಿ ಬಿದ್ದ ಏಟು

ಸುಧಾ, ಅದು ಪಿತ್ತವಲ್ಲ. ನಿನ್ನ ತಲೆಗೆ ಏಟು ಬಿದ್ದಿತ್ತು. ನೋಡಿದವಳು ನಾನೊಬ್ಬಳೇ — ಬೀಳಿಸಿದವಳೂ ನಾನೇ.

ಏಳು ವರ್ಷವಾಯಿತು. ಆಗ ನಾವು ಡಿಗ್ರಿ ಎರಡನೇ ವರ್ಷ. ಕಾಲೇಜಿನ ಕಬಡ್ಡಿ ಪಂದ್ಯದ ಹಿಂದಿನ ದಿನ ನೀನು ವನಗೂರಿನ ನಮ್ಮ ಮನೆಗೆ ಬಂದಿದ್ದೆ. ಕುಯ್ಲು ಶುರುವಾಗಿರಲಿಲ್ಲ, ಕಾಫಿ ಒಣಗಿಸುವ ಸಿಮೆಂಟು ಕಣ ಖಾಲಿ ಇತ್ತು. ಅಲ್ಲೇ ಅಭ್ಯಾಸ ಮಾಡೋಣ ಅಂದವಳು ನಾನು. ನೀನು ರೈಡಿಗೆ ಬಂದೆ, ನಾನು ಕಾಲು ಹಿಡಿದು ಎಳೆದೆ. ನಿನ್ನ ತಲೆಯ ಹಿಂಭಾಗ ಸಿಮೆಂಟಿಗೆ ಬಡಿದ ಸದ್ದು — ಅದನ್ನು ಹೇಗೆ ಬರೆಯಲಿ...

ರಕ್ತ ಬರಲಿಲ್ಲ. ನೀನು ಎದ್ದು ಕೂತೆ.

"ನಾವು ಯಾವಾಗ ಬಂದ್ವೆ ಇಲ್ಲಿಗೆ?"

"ಬೆಳಿಗ್ಗೆ ಬಸ್ಸಲ್ಲಿ ಕಣೆ."

ಸ್ವಲ್ಪ ಹೊತ್ತಿಗೆ ಮತ್ತೆ ಅದನ್ನೇ ಕೇಳಿದೆ. ಮೂರನೇ ಸಲಕ್ಕೆ ನಾನು ನಕ್ಕೆ. "ನಿನ್ನನ್ನ ಗಂಡಿಗೆ ತೋರ್ಸಾಕೆ ಕರ್ಕಂಡ್ ಬಂದಿದೀನಿ, ಸುಮ್ನಿರು ಮಾರಾಯ್ತಿ." ನೀನು ನಗಲಿಲ್ಲ. ಕಣದ ಅಂಚಿಗೆ ಹೋಗಿ ವಾಂತಿ ಮಾಡಿಕೊಂಡೆ.

ಅವ್ವ ಹೊರಗೆ ಬಂದಳು. "ಏನಾಯ್ತೇ ಮಗೀಗೆ? ಬಿದ್ಲಾ?"

"ಇಲ್ಲ ಕಣವ್ವ, ಪಿತ್ತ. ಬೆಳಿಗ್ಗೆಯಿಂದ ಏನೂ ತಿಂದಿಲ್ಲ," ಅಂದೆ ನಾನು.

ಅವ್ವ ನಿಂಬೆಹಣ್ಣಿನ ಪಾನಕ ಕೊಟ್ಟಳು. ಅದೂ ಹೊಟ್ಟೆಯಲ್ಲಿ ನಿಲ್ಲಲಿಲ್ಲ. ಬಿದ್ದಳು ಅಂದಿದ್ದರೆ ಅವಳು ಆಗಲೇ ಜೀಪು ಹತ್ತಿಸಿ ಸಕಲೇಶಪುರದ ಆಸ್ಪತ್ರೆಗೆ ಕಳಿಸುತ್ತಿದ್ದಳು. ಆದರೆ ತಂಡದಲ್ಲಿ ಇದ್ದವರೇ ಏಳು ಜನ. ನೀನಿಲ್ಲದಿದ್ದರೆ ಆಟವೇ ಇಲ್ಲ — ಕ್ಯಾಪ್ಟನ್ ನಾನೇ.

ಮರುದಿನ ನಿನ್ನನ್ನು ಆಡಿಸಿದೆ. ಎದುರಾಳಿಗಳ ಅಂಕಣದಲ್ಲಿ ನೀನು ನಿಂತುಬಿಟ್ಟೆ, ವಾಪಸು ಯಾವ ಕಡೆ ಓಡಬೇಕೆಂದು ತಿಳಿಯದೆ.

ಆಮೇಲೆ ಬೆಳಕು ಕಂಡರೆ ನಿನಗೆ ತಲೆನೋವು, ಪುಸ್ತಕ ಹಿಡಿದರೆ ತಲೆಸುತ್ತು. ಪರೀಕ್ಷೆ ಹೋಯಿತು, ಕಾಲೇಜೂ ಬಿಟ್ಟೆ. ಓದಲು ಸೋಮಾರಿತನ ಎಂದರು ಎಲ್ಲರೂ. ಹಾಗೆ ಅನ್ನುವಾಗ ನಾನು ಅಲ್ಲೇ ಇದ್ದೆ.

ಬಿದ್ದದ್ದು ನಿನಗೆ ನೆನಪಿಲ್ಲ. ನಾನು ಹೇಳಿದ ಪಿತ್ತವನ್ನೇ ನಂಬಿಕೊಂಡೆ. ತಲೆನೋವು ಇನ್ನೂ ಹೋಗಿಲ್ಲ. ಮೊನ್ನೆ ಫೋನಿನಲ್ಲಿ ಹೇಳಿದೆಯಲ್ಲ — "ಯಾವಾಗಾದ್ರೂ ತಲೆಗೆ ಏಟು ಬಿದ್ದಿತ್ತಾ ಅಂತ ಡಾಕ್ಟ್ರು ಕೇಳುದ್ರು ಕಣೆ. ಇಲ್ಲ ಅಂದೆ." ಆಗಲೂ ನಾನು, ಊಟ ಆಯ್ತಾ ಎಂದು ಕೇಳಿದೆ.

ತಲೆಯ ಹಿಂಭಾಗ, ಬಲಕ್ಕೆ. ಒಂದೇ ಪ್ರಶ್ನೆ ಮೂರು ಸಲ. ವಾಂತಿ ಎರಡು ಸಲ. ಮರುದಿನವೇ ಆಟ. ಡಾಕ್ಟರ ಹತ್ತಿರ ಹೋಗುವಾಗ ಈ ಕಾಗದ ಕೊಂಡುಹೋಗು. ಜೊತೆಗೆ ಬರಲಾ ಎಂದು ಕೇಳುವ ಮುಖ ನನಗಿಲ್ಲ. ಆದರೆ ಡಾಕ್ಟರ ಕೋಣೆಯ ಬಾಗಿಲ ಹೊರಗೆ ಕೂತಿರುತ್ತೇನೆ — ನೋಡಿದವರು ಯಾರು ಎಂದು ಅವರು ಕೇಳಿದರೆ, ನನ್ನನ್ನು ಕರೆ.