ಆರು ಚಕ್ರ, ಅರ್ಧ ಕಿವಿ

ಲಾರಿಗೂ ಆರು ಚಕ್ರ, ತಾನು ಹೊಸದಾಗಿ ತಂದ ಬಂಗಲೆಯಂಥ ಪಿಕಪ್ಪಿಗೂ ಆರು ಚಕ್ರ, ಹಾಗಾಗಿ ಅದನ್ನು ಓಡಿಸಲು ಲಾರಿ ಡ್ರೈವರೇ ಸರಿ ಎಂದು ಟೈಲ್ಸ್ ಅಂಗಡಿ ಸಾಹುಕಾರ ತೀರ್ಮಾನಿಸಿದ. ಇಂಥ ತಲೆಗೆ ಅಷ್ಟು ಆಸ್ತಿ ಹೇಗೆ ಒದಗಿತೋ ಗೊತ್ತಿಲ್ಲ. ಅಂತೂ ಮೂವತ್ತು ವರ್ಷ ಜಲ್ಲಿ ಲಾರಿ ಓಡಿಸಿದ್ದ ರಾಡಣ್ಣನಿಗೆ ಕೆಲಸ ಸಿಕ್ಕಿತು.

ರಾಡಣ್ಣ ಅನ್ನುವುದು ಅಡ್ಡಹೆಸರು. ಗಾಡಿ ಹೊರಡಿಸುವ ಮುಂಚೆ ಕಬ್ಬಿಣದ ರಾಡಿನಿಂದ ಒಂದೊಂದೇ ಟೈರಿಗೆ ಬಡಿದು ಸದ್ದು ಕೇಳುವುದು ಅವನ ಪದ್ಧತಿ. ಲಾರಿಯ ಹಿಂದೆ ಜೋಡಿ ಟೈರು. ಒಳಗಿನದು ಗಾಳಿ ಬಿಟ್ಟಿದ್ದರೆ ಕಣ್ಣಿಗೆ ಕಾಣುವುದಿಲ್ಲ, ಕಿವಿಗೇ ಗೊತ್ತಾಗಬೇಕು. ಗೇರು ಬದಲಿಸುವುದೂ ಎಂಜಿನ್ನಿನ ಸದ್ದು ಕೇಳಿಯೇ. ಆ ಕಿವಿಗಳೇ ಈಗ ವರ್ಷದಿಂದ ಕೈಕೊಡುತ್ತಿದ್ದವು. ಎಡಗಿವಿ ಪೂರ್ತಿ ಮುಷ್ಕರ ಹೂಡಿತ್ತು, ಬಲಗಿವಿ ಮನಸ್ಸು ಬಂದಾಗ ಕೆಲಸ ಮಾಡುತ್ತಿತ್ತು. ಡಾಕ್ಟರಿಗೆ ತೋರಿಸೋಣ ಎಂದು ಹೆಂಡತಿ ಗೋಗರೆದರೂ ಅವನು ಜಪ್ಪಯ್ಯ ಎಂದರೂ ಒಪ್ಪಲಿಲ್ಲ. ಕಿವುಡನೆಂದು ಸುದ್ದಿಯಾದರೆ ಯಾರು ಸ್ಟೇರಿಂಗ್ ಕೊಡುತ್ತಾರೆ? ಓಡಿಸುವುದು ಬಿಟ್ಟು ಬೇರೇನೂ ಬಾರದ ಮನುಷ್ಯ, ಮನೆಯಲ್ಲಿ ಕೂತರೆ ಹುಚ್ಚು ಹಿಡಿಯುತ್ತದೆಂದು ನಿಜವಾಗಿಯೂ ಹೆದರಿದ್ದ.

ಮೊದಲ ದಿನ ಗಾಡಿಯ ಸ್ಟಾರ್ಟ್ ಗುಂಡಿ ಒತ್ತಿದ. ಏನೂ ಕೇಳಿಸಲಿಲ್ಲ. ಇನ್ನೊಮ್ಮೆ ಒತ್ತಿದ, ಮತ್ತೊಮ್ಮೆ ಒತ್ತಿದ. ಬಲಗಿವಿಯೂ ಹೋಯಿತೆಂದು ಎದೆ ಧಸಕ್ಕೆಂದಿತು. ಪಕ್ಕದಲ್ಲಿದ್ದ ಸಾಹುಕಾರ ಅವನ ಕೈ ಹಿಡಿದು, ಗಾಡಿ ಆನ್ ಆಗಿದೆ ಮಾರಾಯ, ಒಳಗೆ ಸದ್ದು ಬರಬಾರದೆಂದೇ ಗಾಜು ಇಷ್ಟು ದಪ್ಪ ಎಂದು ಬೀದಿಗೇ ಕೇಳುವಂತೆ ಜಂಬ ಕೊಚ್ಚಿದ. ರಾಡಣ್ಣನಿಗೆ ಹೋದ ಜೀವ ಬಂತು. ಗಾಡಿ ಮೂಕಿ, ತಾನು ಕಿವುಡ, ಒಳ್ಳೆ ಜೋಡಿ ಎಂದುಕೊಂಡ.

ಗುಡ್ಡ ಹತ್ತುವ ಗಾಡಿಯೆಂದು ತಂದಿದ್ದರೂ ಸಾಹುಕಾರ ಅದನ್ನು ಡಾಂಬರಿನಿಂದ ಕೆಳಗಿಳಿಸಿರಲಿಲ್ಲ. ಸೀಟಿಗೆ ಬಿಳಿ ಚರ್ಮ, ಹತ್ತುವ ಮುಂಚೆ ಚಪ್ಪಲಿ ಒರೆಸಬೇಕು. ಹಿಂದಿನ ತೆರೆದ ತೊಟ್ಟಿಯಲ್ಲಿ ಅರ್ಧ ಮನೆಯ ಸಾಮಾನು ಹೇರಬಹುದಿತ್ತು, ಅವನು ಹೇರಿದ್ದು ಒಂದು ಛತ್ರಿ. ಗೆಳೆಯರು ಆಡಿಕೊಳ್ಳತೊಡಗಿದರು. ಕೊನೆಗೊಂದು ಭಾನುವಾರ ಅವರನ್ನೆಲ್ಲ ಇಟ್ಟಿಗೆ ಭಟ್ಟಿಯ ಹಿಂದಿನ ಕೆಸರು ಗುಂಡಿಯ ಹತ್ತಿರ ಕರೆಸಿದ. ಅಂಚಿನಲ್ಲಿ ನಿಲ್ಲಿಸು, ಫೋಟೋ ಹೊಡೆಸಿಕೊಂಡು ವಾಪಸ್ ಹೋಗೋಣ ಎಂದು ರಾಡಣ್ಣನಿಗೆ ಹೇಳಿದ. ಹೇಳಿದ್ದು ಎಡಗಿವಿಯ ಕಡೆಯಿಂದ.

ಅದರಲ್ಲಿ ಒಂದು ಪದವೂ ಒಳಗೆ ಹೋಗಲಿಲ್ಲ. ರಾಡಣ್ಣ ಗುಂಡಿ ನೋಡಿದ, ಆಚೆ ದಡ ನೋಡಿದ, ಮೊಬೈಲ್ ಎತ್ತಿ ನಿಂತ ಗೆಳೆಯರನ್ನು ನೋಡಿದ. ದಾಟಿಸಬೇಕು ಅನ್ನುವುದು ಎಂಥವನಿಗೂ ಅರ್ಥವಾಗುವಂತಿತ್ತು. ಕೆಸರಿಗೆ ಇಳಿದ ಮೇಲೆ ಕಾಲು ಸಡಿಲಿಸಿದರೆ ಗಾಡಿ ಹೂತುಕೊಳ್ಳುತ್ತದೆಂದು ಲಾರಿಯವರಿಗೆಲ್ಲ ಗೊತ್ತು. ಒತ್ತಿಯೇ ಒತ್ತಿದ. ಕೆಸರು ಗಾಜಿಗೆ ರಾಚಿತು, ಗಾಡಿ ವಾಲಿತು, ಸಾಹುಕಾರ ಎರಡೂ ಕಾಲು ಮೇಲೆತ್ತಿ ಬಿಳಿ ಸೀಟಿನಲ್ಲಿ ಮುದುಡಿಕೊಂಡ. ಆರೂ ಚಕ್ರ ಆಚೆ ದಡ ಹತ್ತಿದವು. ಗೆಳೆಯರು ಕುಣಿದಾಡುವುದು ದೂರದಿಂದ ಕಾಣುತ್ತಿತ್ತು.

ಸಾಹುಕಾರ ಬೆವರೊರೆಸಿಕೊಂಡು ಅವನ ಮುಖದ ಎದುರಿಗೇ ಬಾಗಿದ. "ನಿಲ್ಸು ಅಂದಿದ್ದು ಕೇಳಿಸ್ಲಿಲ್ವಾ ನಿಂಗೆ?"

ಮುಚ್ಚಿಟ್ಟು ಮುಚ್ಚಿಟ್ಟು ರಾಡಣ್ಣನಿಗೂ ಸಾಕಾಗಿತ್ತು. "ಇಲ್ಲ ಸಾರ್. ನಂಗೆ ಕಿವಿ ಕೇಳಲ್ಲ. ಹೇಳಿದ್ರೆ ಕೆಲಸ ಹೋಗುತ್ತೆ ಅಂತ ಸುಮ್ಮನಿದ್ದೆ," ಎಂದು ಜೇಬಿನಿಂದ ಕೀಲಿ ತೆಗೆದು ಮುಂದೆ ಹಿಡಿದ.

ಸಾಹುಕಾರ ಕೀಲಿ ನೋಡಿದ, ಗೆಳೆಯರತ್ತ ನೋಡಿದ. "ನಾನು ಕೂಗ್ಕೊಂಡಿದ್ದೂ ಕೇಳಿಸ್ಲಿಲ್ವಾ?"

"ಏನೂ ಕೇಳಿಸ್ಲಿಲ್ಲ ಸಾರ್."

ಸಾಹುಕಾರನ ಮುಖಕ್ಕೆ ಕಳೆ ಮರಳಿತು. ಕೀಲಿಯನ್ನು ರಾಡಣ್ಣನ ಜೇಬಿಗೇ ತುರುಕಿ, ಇನ್ನು ಮೇಲೆ ಎಲ್ಲವನ್ನೂ ಕೈಸನ್ನೆಯಲ್ಲೇ ಹೇಳುತ್ತೇನೆಂದು ಸನ್ನೆ ಮಾಡಿ, ಎದೆಯುಬ್ಬಿಸಿಕೊಂಡು ಗೆಳೆಯರ ಕಡೆಗೆ ಇಳಿದುಹೋದ.

ಸಂಜೆ ರಾಡಣ್ಣ ತಾನಾಗಿಯೇ, ನಾಳೆ ಡಾಕ್ಟರ ಹತ್ತಿರ ಹೋಗೋಣ ಎಂದ. ಹೆಂಡತಿಗೆ ನಂಬಲಾಗಲಿಲ್ಲ. ಏನಾಯಿತೆಂದು ಬಲಗಿವಿಯ ಹತ್ತಿರ ಬಂದು ಕೇಳಿದಳು.

"ಈ ಕಿವಿ ಇನ್ನೂ ಬದುಕಿದೆ ಕಣೇ," ಎಂದ ರಾಡಣ್ಣ, ಕಣ್ಣಲ್ಲಿ ನೀರು ತುಂಬಿಕೊಂಡು. "ಸಾಹುಕಾರ ಗುಂಡಿ ಮಧ್ಯೆ 'ಅಮ್ಮಾ, ನನ್ನ ಕೆಳಗಿಳಿಸ್ಕೊಳ್ಳೇ' ಅಂತ ಅತ್ತಿದ್ದು ಒಂದಕ್ಷರ ಬಿಡದೆ ಕೇಳಿಸ್ತು."