ಅಮಾಸೆ ಟೀಮಿನ ದೊಡ್ಡವ್ವ

ನಮ್ಮ ಕಡೆಯ ಹುಡುಗ ಕಬಡ್ಡಿ ಅಂಕಣದ ನಡುಗೆರೆ ದಾಟಿದನೆಂದರೆ ದೊಡ್ಡವ್ವ ಉಸಿರು ಕಟ್ಟುತ್ತಿದ್ದಳು. ಕೊರಳಿನ ಎಡಗಡೆ ಒಂದು ನರ ಹೊಂಗೆಕಡ್ಡಿಯಷ್ಟು ದಪ್ಪಕ್ಕೆ ಎದ್ದು ನಿಲ್ಲುತ್ತಿತ್ತು. ಅವನು ಎದುರಾಳಿಯನ್ನು ಮುಟ್ಟಿ ವಾಪಸು ಗೆರೆ ತುಳಿಯುವ ತನಕ ಅವಳಿಗೆ ಗಾಳಿ ಬೇಡ. ಅವನು ಸಿಕ್ಕಿಬಿದ್ದರೆ ಅವಳು ‘ಉಸ್ಸ್’ ಎಂದು ಬಿಡುತ್ತಿದ್ದ ಉಸಿರು, ಟ್ರಾಕ್ಟರಿನ ಟ್ರೈಲರ್ ಮೇಲೆ ಕೂತು ಆಟ ನೋಡುತ್ತಿದ್ದ ನಮಗೆಲ್ಲ ಕೇಳಿಸುತ್ತಿತ್ತು. ಒಳಗೆ ಹೋದ ಆಟಗಾರ ‘ಕಬಡ್ಡಿ ಕಬಡ್ಡಿ’ ಅನ್ನುತ್ತ ಒಂದೇ ಉಸಿರಿನಲ್ಲಿ ಹೋಗಿ ಬರಬೇಕು ಎಂಬುದು ಎಲ್ಲರಿಗೂ ಗೊತ್ತಿರುವ ಕಾನೂನು. ನೋಡಲು ಕೂತವರಿಗೂ ಅದು ಅನ್ವಯಿಸುತ್ತದೆ ಎಂದು ತಿಳಿದಿದ್ದವಳು ಅವಳೊಬ್ಬಳೇ.

ದೊಡ್ಡವ್ವ ನಮ್ಮಪ್ಪನ ಅಣ್ಣನ ಹೆಂಡತಿ. ಅವಳಿಗೆ ಮಕ್ಕಳಿರಲಿಲ್ಲ. ಅಪ್ಪ ಅವ್ವ ಕಬ್ಬಿನ ಗದ್ದೆಗೆ ಹೋದರೆ ನನ್ನನ್ನೂ ನನ್ನ ತಮ್ಮನನ್ನೂ ಉಣ್ಣಿಸಿ, ಬೈದು, ಮಲಗಿಸಿ ಸಾಕಿದವಳು ಅವಳೇ. ದೊಡ್ಡಪ್ಪ ಒಂದು ಕಾಲಕ್ಕೆ ನಮ್ಮೂರ ಟೀಮಿನ ರೈಡರ್. ಚಿನಕುರಳಿ ಸುತ್ತಮುತ್ತ ಅವನ ಹೆಸರು ಕೇಳಿದರೆ ಎದುರು ಟೀಮಿನವರು ಚಡ್ಡಿ ಬಿಗಿ ಮಾಡಿಕೊಳ್ಳುತ್ತಿದ್ದರಂತೆ. ಎಡ ಭುಜವನ್ನು ಕೊಂಚ ಇಳಿಸಿ, ಬಲ ತೊಡೆಯನ್ನು ಒಂದೇ ಸಲ ತಟ್ಟಿ ಒಳಗೆ ಹೋಗುವುದು ಅವನ ರೀತಿ. ನಾನು ಸ್ಲೇಟು ಹಿಡಿದು ಸ್ಕೂಲಿಗೆ ಹೋಗುತ್ತಿದ್ದ ಕಾಲದಲ್ಲಿ ಅವನು ಒಂದು ಫೈನಲ್ ಗೆದ್ದ. ಮೈಮೇಲಿನ ಮಣ್ಣು ತೊಳೆದುಕೊಳ್ಳಲು ನಾಲೆಗೆ ಇಳಿದವನು ಮೇಲೆ ಬರಲಿಲ್ಲ. ತಮ್ಮ ಆಗಿನ್ನೂ ಹುಟ್ಟಿರಲಿಲ್ಲ.

ಬೇರೆ ಯಾರೇ ಆಗಿದ್ದರೂ ಅಲ್ಲಿಗೆ ಕಬಡ್ಡಿಯ ಹೆಸರೆತ್ತುತ್ತಿರಲಿಲ್ಲ. ದೊಡ್ಡವ್ವ ಮಾತ್ರ ಒಂದು ಮ್ಯಾಚನ್ನೂ ಬಿಡಲಿಲ್ಲ. ನನಗೂ ಅದೇ ಹುಚ್ಚು ಹತ್ತಿಸಿದಳು. ನಾನು ಪಾಂಡವಪುರದ ಒಂದು ಮೆಡಿಕಲ್ ಅಂಗಡಿಯಲ್ಲಿ ಕೆಲಸ ಮಾಡುವವಳು. ಮನೆಯಲ್ಲಿ ಮದುವೆಯ ಮಾತೆತ್ತಿದರೆ ‘ಸೀಸನ್ ಮುಗೀಲಿ ತಡೀರಿ’ ಅನ್ನುತ್ತೇನೆ. ಇದಕ್ಕೆ ದೊಡ್ಡವ್ವನೇ ಹೊಣೆ ಎಂದು ಅವ್ವ ಇವತ್ತಿಗೂ ಗೊಣಗುತ್ತಾಳೆ.

ನಮ್ಮ ಟೀಮಿಗೆ ಒಂದು ಹಳೇ ಕಾಯಿಲೆ ಇತ್ತು. ಗಣೇಶನ ಹಬ್ಬಕ್ಕೆ ಊರೂರಿನಲ್ಲಿ ಟೂರ್ನಮೆಂಟುಗಳು ಶುರುವಾಗುತ್ತವೆ. ಶುರುವಿನಲ್ಲಿ ನಾವು ಸೋಲುತ್ತಿದ್ದೆವು, ಅದೂ ನೋಡಲು ಬಂದವರು ನಾಚಿಕೊಳ್ಳುವ ಹಾಗೆ. ಪಿತೃಪಕ್ಷ ಕಳೆದು, ಮಹಾಲಯ ಅಮಾವಾಸ್ಯೆಯ ಎಡೆ ಮುಗಿಯಬೇಕು. ಆಮೇಲೆ ಅದೇ ಹುಡುಗರು ಹುಲಿಗಳಾಗುತ್ತಿದ್ದರು. ಕೆ.ಆರ್.ಪೇಟೆ ಕಡೆಯವರು ನಮಗೆ ‘ಅಮಾಸೆ ಟೀಮು’ ಎಂದು ಹೆಸರಿಟ್ಟಿದ್ದರು. ಈ ನಿಧಾನಕ್ಕೆ ಊರಿನ ಟೀ ಅಂಗಡಿಯಲ್ಲಿ ತಲೆಗೊಂದು ಕಾರಣ. ಮಣ್ಣಲ್ಲಿ ಆಡಿದವರಿಗೆ ಮ್ಯಾಟು ಒಗ್ಗುವುದಿಲ್ಲ ಎಂದು ಒಬ್ಬರು, ಗಣೇಶನ ಕಡುಬು ತಿಂದು ಹೊಟ್ಟೆ ಭಾರವಾಗುತ್ತದೆ ಎಂದು ಇನ್ನೊಬ್ಬರು. ಪ್ರಾಕ್ಟೀಸೇ ಮಾಡದೆ ಹೋದರೆ ಇನ್ನೇನಾಗುತ್ತದೆ ಎಂಬುದು ನನ್ನ ವಾದ. ದೊಡ್ಡವ್ವನದು ಬೇರೆಯೇ ಲೆಕ್ಕ.

“ಎಡೆ ಇಕ್ಕೋಗಂಟ ಅವ್ರು ಬರಕಿಲ್ಲ ಕಣವ್ವಾ. ಅವ್ರು ಬರ್ದೆ ಐಕ್ಳು ಎಂಗೆ ಗೆಲ್ತವೆ?” ಅನ್ನುತ್ತಿದ್ದಳು. ಅವ್ರು ಅಂದರೆ ದೊಡ್ಡಪ್ಪ. ಬಸ್ಸು ಇನ್ನೂ ಬಂದಿಲ್ಲ ಎಂದು ಹೇಳುವಷ್ಟು ಸಲೀಸಾಗಿ ಹೇಳುತ್ತಿದ್ದಳು.

ನಮ್ಮ ಕಡೆ ಪಕ್ಷದಲ್ಲಿ ಸತ್ತ ಹಿರಿಯರಿಗೆ ಅವರವರಿಗೆ ಇಷ್ಟವಾದದ್ದನ್ನು ಎಲೆಗೆ ಬಡಿಸಿ, ಹೊಸ ಬಟ್ಟೆ ಇಟ್ಟು, ಬಾಗಿಲು ಮುಚ್ಚಿ ಎಲ್ಲರೂ ಹೊರಗೆ ಕೂರುತ್ತೇವೆ. ಅವರು ಬಂದು ಉಂಡು ಹೋಗಲಿ ಎಂದು. ದೊಡ್ಡಪ್ಪನ ಎಲೆಗೆ ಮುದ್ದೆ, ಮಾಂಸದ ಸಾರು, ಪಕ್ಕದಲ್ಲಿ ಒಂದು ಕಟ್ಟು ಬೀಡಿ. ಮಾಳಿಗೆಯ ಮೇಲೆ ಒಂದು ತುತ್ತು ಇಟ್ಟರೆ ಕಾಗೆ ಬಂದು ಎತ್ತಿಕೊಂಡು ಹೋಗುತ್ತಿತ್ತು. ಅಲ್ಲಿಗೆ ಬಂದವರು ತೃಪ್ತಿಯಿಂದ ಹೊರಟರು ಎಂದು ಅರ್ಥ.

ಕೆಲವು ವರ್ಷಗಳ ಹಿಂದೆ ನನ್ನ ತಮ್ಮ ನಮ್ಮೂರ ಟೀಮಿಗೆ ರೈಡರ್ ಆದ. ಆ ಸಲ ಗಣೇಶನ ಹಬ್ಬ ಹತ್ತಿರ ಬಂದಾಗ ಕ್ಯಾಪ್ಟನ್ ಅವನ ಜೊತೆ ಬಂದು ನಮ್ಮ ಜಗಲಿಯಲ್ಲಿ ಕೂತ.

“ದೊಡ್ಡವ್ವೋ, ಈ ಸಲ ಎಡೆನ ಅಬ್ಬಕ್ಕೆ ಮುಂಚೇನೇ ಇಕ್ಬುಡಿ. ಮೊದಲ್ನೇ ಮ್ಯಾಚಿಂದಲೇ ದೊಡ್ಡಪ್ಪ ಬಂದ್ಬುಡ್ಲಿ,” ಅಂದ, ನಗುತ್ತ.

ದೊಡ್ಡವ್ವ ನಗಲಿಲ್ಲ. “ಪಕ್ಸ ಉಟ್ದೆ ಕರೀಬಾರ್ದು ಕಣ್ಲಾ. ಬರಕ್ಕೆ ದಾರಿ ಇರ್ತದೆ, ಓಗಕ್ಕೆ ಇರಕಿಲ್ಲ.”

“ಒಂದೇ ಒಂದ್ಸಲ ದೊಡ್ಡವ್ವಾ,” ತಮ್ಮ ಅವಳ ಮೊಣಕಾಲು ಹಿಡಿದುಕೊಂಡ. “ಮಾಕವಳ್ಳಿಲಿ ಅಮಾಸೆ ಟೀಮು ಬಂತು ಅಂತ ಚಪ್ಪಾಳೆ ತಟ್ಕಂಡು ನಗ್ತಾರೆ.”

ಅವನು ಕೇಳಿದ್ದನ್ನು ಅವಳು ಇಲ್ಲ ಅಂದದ್ದೇ ಇಲ್ಲ. “ಮಾಂಸ ತಕಬನ್ನಿ, ಓಗಿ,” ಅಂದಳು.

ಹಾಗೆ ಕಾಲವಲ್ಲದ ಕಾಲದಲ್ಲಿ ಎಡೆ ಬಿತ್ತು. ಬಾಗಿಲು ಮುಚ್ಚಿ ನಾವೆಲ್ಲ ಜಗಲಿಯಲ್ಲಿ ಕೂತೆವು. ಮಟಮಟ ಮಧ್ಯಾಹ್ನ. ಮಾಳಿಗೆಯ ಮೇಲೆ ಇಟ್ಟ ತುತ್ತನ್ನು ಕಾಗೆ ಮುಟ್ಟಲಿಲ್ಲ. ಕಾಗೆಗಳು ಇರಲಿಲ್ಲ ಅಂತಲ್ಲ. ಕರೆಂಟಿನ ತಂತಿಯ ಮೇಲೆ ಸಾಲಾಗಿ ಕೂತಿದ್ದವು. ಒಂದೂ ಕೂಗಲಿಲ್ಲ, ಒಂದೂ ಇಳಿಯಲಿಲ್ಲ. ಎಲ್ಲವೂ ನಮ್ಮ ಮುಚ್ಚಿದ ಬಾಗಿಲನ್ನೇ ನೋಡುತ್ತಿದ್ದವು. ಸಾಯಂಕಾಲ ತುತ್ತಿಗೆ ಇರುವೆ ಮುತ್ತಿತು. ದೊಡ್ಡವ್ವ ಅದನ್ನು ತೆಗೆಯುತ್ತ, ನನಗೆ ಮಾತ್ರ ಕೇಳುವ ಹಾಗೆ, “ಬಂದವ್ರು ಒಳಗೇ ಅವ್ರೆ,” ಅಂದಳು. ನನಗೆ ಒಳಗೆ ಕಾಲಿಡಲು ಹೆದರಿಕೆಯಾಯಿತು. ಅವಳ ಮುಖದಲ್ಲಿ ಮಾತ್ರ ಹೆದರಿಕೆಯ ಗುರುತೇ ಇರಲಿಲ್ಲ.

ಮಾಕವಳ್ಳಿಯ ಮೊದಲ ಮ್ಯಾಚು. ತಮ್ಮ ಮೊದಲ ರೈಡಿಗೆ ಹೊರಟ. ಎಡ ಭುಜ ಇಳಿಯಿತು. ಬಲ ತೊಡೆಯ ಮೇಲೆ ಒಂದೇ ಒಂದು ಏಟು. ಯಾರೋ ಹಳಬರು ಹೇಳಿಕೊಟ್ಟಿರಬೇಕು ಅಂದುಕೊಂಡೆ. ಆದರೆ ಅವನ ಬಾಯಿಂದ ಬಂದ ‘ಕಬಡ್ಡಿ’ ಅವನ ದನಿಯಲ್ಲಿ ಇರಲಿಲ್ಲ. ತಗ್ಗಿದ, ಒರಟು ದನಿ. ಅಂಪೈರು ಎರಡು ಹೆಜ್ಜೆ ಹತ್ತಿರ ಬಂದು ಅವನ ಬಾಯನ್ನೇ ನೋಡಿದರು. ಆಟ ನಾವು ಗೆದ್ದೆವು. ಟ್ರೈಲರಿನ ಮೇಲೆ ನನ್ನ ಪಕ್ಕದಲ್ಲಿದ್ದ ದೊಡ್ಡವ್ವ ಆಟ ಮುಗಿಯುವ ತನಕ ಒಂದು ಸಲವೂ ಉಸಿರು ಕಟ್ಟಿರಲಿಲ್ಲ.

“ಯಾಕೆ ದೊಡ್ಡವ್ವಾ?” ಎಂದು ಕೇಳಿದೆ.

“ಬೇಕಾಗ್ನಿಲ್ಲ ಕಣವ್ವಾ.” ಅವಳ ಕಣ್ಣು ತುಂಬಿತ್ತು. ಮುಂದಿನ ಮ್ಯಾಚಿಗೆ ಅವಳು ತಲೆಗೆ ಎಣ್ಣೆ ಹಚ್ಚಿ, ನೀಟಾಗಿ ಬೈತಲೆ ತೆಗೆದು, ಪೆಟ್ಟಿಗೆಯಲ್ಲಿ ಮಡಿಸಿಟ್ಟಿದ್ದ ಸೀರೆ ಉಟ್ಟು ಬಂದಳು.

ಗೆಲ್ಲುತ್ತಲೇ ಹೋದೆವು. ಊರಿನವರು ಟೀಮಿಗೆ ಹೊಸ ಬನಿಯನ್ ಹೊಲಿಸಿದರು. ತಮ್ಮ ಮಾತ್ರ ಸೊರಗುತ್ತ ಹೋದ. ತಟ್ಟೆ ತುಂಬ ಉಂಡರೂ ಕೆನ್ನೆ ಒಳಗೆ ಹೋಗುತ್ತಿತ್ತು. ನಾನು ಅಂಗಡಿಯಿಂದ ಬಿ ಕಾಂಪ್ಲೆಕ್ಸ್ ಮಾತ್ರೆ ತಂದು ಕೊಟ್ಟೆ. ನನ್ನ ಬುದ್ಧಿ ಓಡುವುದೇ ಅಷ್ಟು. ಒಂದು ದಿನ ಅಡುಗೆಮನೆಯಲ್ಲಿದ್ದೆ. ಹಿಂದಿನಿಂದ, “ಅಮ್ಮೀ, ಬೀಡಿ ಎಲ್ಲಿಕ್ಕಿದ್ದೀಯಮ್ಮೀ?” ಎಂದು ಕೇಳಿಸಿತು. ತಮ್ಮ ಬೀಡಿ ಸೇದುವವನಲ್ಲ. ಹುಟ್ಟಿದಾಗಿನಿಂದ ನನ್ನನ್ನು ಅಕ್ಕ ಅಂದವನು. ನನ್ನನ್ನು ‘ಅಮ್ಮೀ’ ಎಂದು ಕರೆಯುತ್ತಿದ್ದವನು ಒಬ್ಬನೇ, ಅವನು ನಾಲೆಯಲ್ಲಿ ಹೋಗಿದ್ದ. ತಿರುಗಿ ನೋಡುವುದಕ್ಕೆ ನನಗೆ ಧೈರ್ಯ ಸಾಲಲಿಲ್ಲ.

ಗೆದ್ದ ಮಾರನೆಯ ಮಧ್ಯಾಹ್ನ ಅವನು ನಾಲೆಯ ಸೋಪಾನಕ್ಕೆ ಹೋಗಿ ಕೂರುತ್ತಿದ್ದ. ಅವನಿಗೆ ಈಜು ಬರುವುದಿಲ್ಲ, ಚಿಕ್ಕಂದಿನಿಂದ ನೀರೆಂದರೆ ಭಯ. ಮೊದಲು ಮೇಲಿನ ಮೆಟ್ಟಿಲು. ಆಮೇಲೆ ಪಾದ ನೀರಿನಲ್ಲಿ. ಪ್ರತಿ ಗೆಲುವಿಗೂ ಇನ್ನೊಂದು ಮೆಟ್ಟಿಲು ಕೆಳಗೆ. ಫೈನಲ್ಲಿಗೆ ಮುಂಚೆ ದೊಡ್ಡವ್ವ ನನ್ನನ್ನು ಕರೆದುಕೊಂಡು ಹೋಗಿ ನೋಡಿದಾಗ ಮೊಣಕಾಲು ಮುಳುಗುವಷ್ಟು ನೀರಿನಲ್ಲಿ ಕೂತಿದ್ದ. ನಮ್ಮ ಕಡೆ ತಿರುಗದೆ, “ಫೈನಲ್ ಮುಗೀಲಿ, ಮೈ ತೊಳ್ಕಂಡು ಬತ್ತೀನಿ,” ಅಂದ.

ದೊಡ್ಡವ್ವ ಅಲ್ಲೇ ದಡದ ಮೇಲೆ ಕೂತಳು. ದೊಡ್ಡಪ್ಪ ಅವಳಿಗೆ ಕಡೆಯದಾಗಿ ಹೇಳಿದ್ದು ಅದೇ ಮಾತಂತೆ.

“ನಂದೇ ತಪ್ಪು ಕಣವ್ವಾ,” ಅಂದಳು. “ಐಕ್ಳು ಕೇಳಿದ್ದಕ್ಕೆ ಇಕ್ಕಿದೆ ಅನ್ಕಂಡೀಯಾ? ಇಲ್ಲ. ವರ್ಸಕ್ಕೆ ಒಂದು ದಿನ ಬಂದು ಉಂಡು ಓಗೋರು, ಈ ಸಲ ಒಂದೀಟು ಜಾಸ್ತಿ ದಿನ ಇರ್ಲಿ ಅಂತ ನಂಗೇ ಆಸೆ ಬಂದ್ಬುಡ್ತು. ಗೆದ್ರೆ ಮಗ ನೀರಿಗೆ ಇಳೀತದೆ.”

ಆಡಬೇಡ ಎಂದು ತಮ್ಮನಿಗೆ ಹೇಳಿದೆ. ಕ್ಯಾಪ್ಟನ್‌ಗೂ ಹೇಳಿದೆ. ಕ್ಯಾಪ್ಟನ್ ನನ್ನನ್ನು ಕೆಳಗಿನಿಂದ ಮೇಲಿನವರೆಗೆ ನೋಡಿ, “ಮೆಡಿಕಲ್ ಸ್ಟೋರಲ್ಲಿರೋಳು ಇಂಗೆಲ್ಲ ಮಾತಾಡ್ತೀಯಲ್ಲಕ್ಕಾ,” ಅಂದ.

ಫೈನಲ್ ಇದ್ದದ್ದು ಬೆಳ್ಳೂರು ಕ್ರಾಸ್ ಹತ್ತಿರದ ಒಂದು ಬಯಲಿನಲ್ಲಿ. ಹಗಲು ಹೊತ್ತು, ಹೈವೇ ಬಸ್ಸುಗಳ ಹಾರನ್ನು, ಬೋಂಡದ ವಾಸನೆ, ಜನವೋ ಜನ. ಕೊನೆಯ ರೈಡಿನ ಹೊತ್ತಿಗೆ ಎರಡೂ ಕಡೆ ಸಮ. ತಮ್ಮ ಒಳಗೆ ಹೋದ. ಹೋದವನೇ ಒಬ್ಬನನ್ನು ಮುಟ್ಟಿದ. ಇನ್ನು ಗೆರೆಗೆ ಬಂದರೆ ಸಾಕು, ಕಪ್ಪು ನಮ್ಮದು. ನಮ್ಮೂರವರೆಲ್ಲ ಎದ್ದು ನಿಂತಿದ್ದರು. ಆಗ ದೊಡ್ಡವ್ವ ಟ್ರೈಲರಿನ ಮೇಲೆ ನೆಟ್ಟಗೆ ನಿಂತು ಗಂಡನ ಹೆಸರು ಹಿಡಿದು ಕೂಗಿದಳು.

ನಮ್ಮ ಮನೆಗಳಲ್ಲಿ ಅವಳ ವಯಸ್ಸಿನ ಹೆಂಗಸರು ಗಂಡನ ಹೆಸರು ಹೇಳುವುದಿಲ್ಲ. ರೇಷನ್ ಅಂಗಡಿಯಲ್ಲಿ ಕೇಳಿದರೂ ಪಕ್ಕದಲ್ಲಿದ್ದವರಿಂದ ಹೇಳಿಸುತ್ತಾರೆ. ಅವಳ ಬಾಯಲ್ಲಿ ಆ ಹೆಸರನ್ನು ನಾನು ಕೇಳಿದ್ದು ಅದೇ ಮೊದಲು, ಅದೇ ಕೊನೆ. ಅಷ್ಟು ಚೆನ್ನಾಗಿ ಆ ಹೆಸರನ್ನು ಬೇರೆ ಯಾರೂ ಕರೆದದ್ದನ್ನು ನಾನು ಕೇಳಿಲ್ಲ. ಆಮೇಲೆ ಅಂದಳು: “ಸಾಕು! ಮಗೀನ ಬುಟ್ಬುಟ್ಟು ಓಗಿ! ಇನ್ನು ಬರಬ್ಯಾಡಿ!”

ಅಂಕಣದ ನಡುವೆ ತಮ್ಮ ನಿಂತುಬಿಟ್ಟ. ತನ್ನದಲ್ಲದ ಹೆಸರಿಗೆ ತಿರುಗಿ ನೋಡಿದ. ‘ಕಬಡ್ಡಿ’ ನಿಂತಿತು. ಎದುರಾಳಿಗಳು ಅಷ್ಟೂ ಜನ ಅವನ ಮೇಲೆ ಬಿದ್ದರು. ನಾನು ಟ್ರೈಲರಿನಿಂದ ಹಾರಿ ಓಡಿದೆ. ಮೇಲೆ ಬಿದ್ದವರು ಒಬ್ಬೊಬ್ಬರಾಗಿ ಎದ್ದರು. ಕೆಳಗೆ ಅವನು ಅಂಗಾತ ಮಲಗಿದ್ದ, ನಿದ್ದೆಯಿಂದ ಎದ್ದವನ ಹಾಗೆ ಕಣ್ಣು ಉಜ್ಜಿಕೊಳ್ಳುತ್ತ.

“ಅಕ್ಕಾ,” ಅಂದ. “ಏನಾಯ್ತಕ್ಕಾ? ಸೋತ್ವಾ?”

“ಸೋತ್ವಿ ಕಣೋ, ಸೋತ್ವಿ,” ಎಂದು ಅವನ ತಲೆ ತಬ್ಬಿಕೊಂಡು ಅತ್ತೆ. ಸೋತದ್ದಕ್ಕೆ ಅಷ್ಟು ಸಂತೋಷಪಟ್ಟ ಫ್ಯಾನ್ ಯಾವ ಆಟದಲ್ಲೂ ಇರಲಿಕ್ಕಿಲ್ಲ.

ವಾಪಸು ಬರುವಾಗ ಟ್ರೈಲರಿನಲ್ಲಿ ದೊಡ್ಡವ್ವನ ಜೊತೆ ಯಾರೂ ಮಾತಾಡಲಿಲ್ಲ. ಮುದುಕಿ ಕೂಗಿ ಕಪ್ಪು ಕಳೆದಳು ಎಂದು ಊರೆಲ್ಲ ಬೈಯಿತು, ಬಹಳ ದಿನ ಬೈಯಿತು. ತಮ್ಮ ಅವಳ ತೊಡೆಯ ಮೇಲೆ ತಲೆಯಿಟ್ಟು, ಬೆಳ್ಳೂರಿನಿಂದ ಊರಿನ ತನಕ ಗೊರಕೆ ಹೊಡೆದ.

ಪಕ್ಷ ಹುಟ್ಟಿ ಅಮಾವಾಸ್ಯೆ ಬಂತು. ದೊಡ್ಡವ್ವ ತಾತನಿಗೆ, ಅಜ್ಜಿಗೆ ಎಲೆ ಹಾಕಿದಳು. ದೊಡ್ಡಪ್ಪನ ಎಲೆ ಹಾಕಲಿಲ್ಲ. ಯಾಕೆ ಎಂದು ಅವ್ವ ಕೇಳಿದ್ದಕ್ಕೆ, “ಓಗಿ ಅಂತ ನಾನೇ ಅಂದ್ಮೇಲೆ ಯಾವ ಮೊಕ ಇಟ್ಕಂಡು ಕರೀಲಿ?” ಅಂದಳು. ಬಾಗಿಲು ಮುಚ್ಚಿದಾಗ ನಮ್ಮ ಜೊತೆ ಜಗಲಿಯಲ್ಲಿ ಕೂರಲಿಲ್ಲ. ಹಿತ್ತಿಲಿಗೆ ಹೋಗಿ ಎಮ್ಮೆಯ ಮೈ ತೊಳೆದಳು. ಅವಳು ಅಳುವುದನ್ನು ನಾನು ನೋಡಲಿಲ್ಲ. ವರ್ಷವೆಲ್ಲ ಆ ಒಂದು ದಿನಕ್ಕಾಗಿ ಕಾಯುತ್ತಿದ್ದವಳು ಆಮೇಲೆ ಏನನ್ನು ಕಾಯುತ್ತಿದ್ದಳೋ, ಕೇಳುವ ಧೈರ್ಯವೂ ನನಗೆ ಬರಲಿಲ್ಲ.

ಆ ಸಲ ಅಮಾವಾಸ್ಯೆ ಕಳೆದ ಮೇಲೂ ನಾವು ಗೆಲ್ಲಲಿಲ್ಲ. ಕಾಕತಾಳೀಯ ಇರಬಹುದು. ತಮ್ಮನಿಗೆ ಬಂದದ್ದು ಕಾಮಾಲೆಯೋ, ನಿದ್ದೆಗೇಡಿನ ಭ್ರಮೆಯೋ ಇರಬಹುದು. ಮೆಡಿಕಲ್ ಅಂಗಡಿಯಲ್ಲಿ ನಿಂತಾಗ ನನಗೂ ಹಾಗೇ ಅನಿಸುತ್ತದೆ. ದೊಡ್ಡವ್ವ ಆಮೇಲೆ ಯಾವ ಮ್ಯಾಚಿಗೂ ಬರಲಿಲ್ಲ. ಮಾಘದ ಒಂದು ಬೆಳಗ್ಗೆ ಎಮ್ಮೆಗೆ ಹುಲ್ಲು ಹಾಕಿ ಬಂದು ಜಗಲಿಗೆ ಒರಗಿದವಳು ಹಾಗೇ ಹೋದಳು. ಅವಳಿಗೆ ಬೈದವರೇ ಬಂದು ಹೆಗಲು ಕೊಟ್ಟರು. ಕ್ಯಾಪ್ಟನ್ ಎಲ್ಲರಿಗಿಂತ ಹೆಚ್ಚು ಅತ್ತ.

ಈ ವರ್ಷವೂ ಸೀಸನ್ ಶುರುವಾಗಿದೆ, ನಾವು ಸೋಲುತ್ತಿದ್ದೇವೆ. ನಮ್ಮನ್ನು ಅಮಾಸೆ ಟೀಮು ಎಂದು ಕರೆಯುವವರೂ ಈಗ ಇಲ್ಲ. ಟೀ ಅಂಗಡಿಯಲ್ಲಿ ಹೊಸ ಹೊಸ ಕಾರಣ ಹುಟ್ಟುತ್ತವೆ. ನಾನು ಬಾಯಿ ಬಿಡುವುದಿಲ್ಲ. ಮೊನ್ನೆ ತಮ್ಮ ಮೈತುಂಬ ಮಣ್ಣು ಮಾಡಿಕೊಂಡು ಬಂದು, ಹಿತ್ತಿಲ ನಲ್ಲಿಯ ಕೆಳಗೆ ತಲೆಯೊಡ್ಡಿ, “ಅಕ್ಕಾ, ಇವತ್ತೂ ಸೋತೋದೋ ಕಣಕ್ಕಾ, ಉಣ್ಣಕ್ಕಿಕ್ಕು,” ಎಂದು ಕೂಗಿದ. ಅವನ ಮುಖ ಜೋತುಬಿದ್ದಿತ್ತು, ಕೆನ್ನೆ ಮಾತ್ರ ದುಂಡಗಿತ್ತು. ನಾನು ಬಿಸಿ ಮುದ್ದೆ ಇಟ್ಟು, ಸಾರು ಹಾಕಿ, ಅವನು ಸಾಕು ಸಾಕು ಅಂದರೂ ಕೇಳದೆ ಅದರ ಮೇಲೆ ಇನ್ನೊಂದು ಚಮಚ ತುಪ್ಪ ಸುರಿದೆ.